ತಂಗಳು ಬೇರೆ, ಎಂಜಲು ಬೇರೆ: ಒಣಮಾಂಸ ಮತ್ತು ಬಿಸ್ಕತ್ತಿನ ಒಂದು ಸಣ್ಣ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಈ ವಾರದ ಮಾತನ್ನೂ ಬರಹಕ್ಕಿಳಿಸಿದ್ದೀನಿ. ಮಾತಾಡಿದ್ದನ್ನ ಸ್ವಲ್ಪ ತಿದ್ದಿದ್ದೀನಿ, ಅಷ್ಟೇ.

ಈ ವಾರದ ಪ್ರಶ್ನೆ ಅಡುಗೆಮನೆಯದ್ದು. ಡಬ್ಬಿಯ ತಳದಲ್ಲಿ ಒಂದು ಹಿಡಿ ಒಣಮಾಂಸ ಉಳಿದಿದೆ. ಪಕ್ಕದಲ್ಲಿ ಪುಡಿಪುಡಿಯಾದ ನಾಲ್ಕು ಬಿಸ್ಕತ್ತು. ಇವೆರಡನ್ನೂ ಸೇರಿಸಿ ಏನಾದ್ರೂ ಮಾಡಬಹುದಾ? ಮಾಡಬಹುದು. ಜಗತ್ತು ಮುನ್ನೂರು ವರ್ಷದಿಂದ ಮಾಡ್ತಾ ಬಂದಿದೆ. ಆದ್ರೆ ನಾನು ಕೆಲಸದ ಮೇಲೆ ಹಲವು ತಿಂಗಳು ಇದ್ದ ಬಾರಾಮತಿಯಲ್ಲಿ, ಪುಣೆಯಿಂದ ನೂರು ಕಿಲೋಮೀಟರ್ ಆಚೆ, ಇದೇ ಪ್ರಶ್ನೆಯನ್ನ ಜೋರಾಗಿ ಕೇಳೋ ಹಾಗಿಲ್ಲ. ಯಾಕೆ ಕೇಳೋ ಹಾಗಿಲ್ಲ ಅನ್ನೋದೇ ಇವತ್ತಿನ ಇತಿಹಾಸ.

ಒಣಗಿಸುವ ಲೆಕ್ಕ

ಮೊದಲು ವಸ್ತುವನ್ನ ಅರ್ಥ ಮಾಡ್ಕೊಳ್ಳೋಣ. ನನ್ನ ಎಂಟೆಕ್ ಕಂಪ್ಯೂಟರ್ ಸೈನ್ಸ್‌ನಲ್ಲಿ, ಆಹಾರ ವಿಜ್ಞಾನದಲ್ಲಲ್ಲ. ಆದ್ರೂ ಈ ಲೆಕ್ಕ ಸರಳ. ಹಸಿ ಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆ ನೀರು ಇರೋತನಕ ಬ್ಯಾಕ್ಟೀರಿಯಾಕ್ಕೆ ಹಬ್ಬ. ಮಾಂಸವನ್ನ ತೆಳ್ಳಗೆ ಪಟ್ಟಿ ಕೊಯ್ದು, ಉಪ್ಪು ಸವರಿ, ಬಿಸಿಲಿಗೆ ಹಗ್ಗದ ಮೇಲೆ ಹಾಕಿದ್ರೆ ನೀರು ಹೋಗ್ತದೆ, 1 ಕಿಲೋ ಹೋಗಿ 300 ಗ್ರಾಂ ಆಸುಪಾಸು ಉಳೀತದೆ. ಬಿಸ್ಕತ್ತೂ ಅದೇ ತಂತ್ರ. ಆ ಪದದ ಲ್ಯಾಟಿನ್ ಮೂಲದ ಅರ್ಥವೇ 'ಎರಡು ಸಲ ಬೇಯಿಸಿದ್ದು'. ಮೊದಲ ಸಲ ಬೇಯಲಿಕ್ಕೆ, ಎರಡನೇ ಸಲ ಒಣಗಲಿಕ್ಕೆ.

ಉತ್ತರ ಕರ್ನಾಟಕದವರು ಈಗಾಗಲೇ ನಗ್ತಿರ್ತೀರಿ. ನಮ್ಮ ಕಟಕ ರೊಟ್ಟಿ ಮತ್ತೇನು? ತವಾದ ಮೇಲೆ ಒಮ್ಮೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ಒರಗಿಸಿ ಒಣಗಿಸಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ರೆ ತಿಂಗಳುಗಟ್ಟಲೆ ಇರ್ತದೆ. ಬೆಂಗಳೂರಿಗೆ, ಪುಣೆಗೆ, ಡಲ್ಲಾಸ್‌ಗೆ ಹೋಗುವ ಮಗನ ಬ್ಯಾಗಿಗೆ ಅಮ್ಮ ತುಂಬುವ ಆ ರೊಟ್ಟಿ ಅಪ್ಪಟ ಬಿಸ್ಕತ್ತು, ಜೋಳದ್ದು ಅನ್ನೋದೊಂದೇ ವ್ಯತ್ಯಾಸ.

ಈಗ ಹಡಗಿಗೆ ಹೋಗೋಣ. 1677ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಇಂಗ್ಲಿಷ್ ನೌಕಾಪಡೆಗೆ ಗೊತ್ತುಮಾಡಿದ ಪಡಿಯಲ್ಲಿ ಒಬ್ಬ ನಾವಿಕನಿಗೆ ದಿನಕ್ಕೆ 1 ಪೌಂಡ್ ಬಿಸ್ಕತ್ತು, ಅಂದ್ರೆ ಸುಮಾರು 450 ಗ್ರಾಂ. ಜೊತೆಗೆ ಉಪ್ಪಿನ ಪೀಪಾಯಿಯ ಮಾಂಸ. ಬಿಸ್ಕತ್ತು ಕಲ್ಲಿನ ಹಾಗೆ, ಮಾಂಸ ಚಪ್ಪಲಿಯ ಹಾಗೆ. ಹಡಗಿನ ಅಡುಗೆಯವನು ಮಾಂಸವನ್ನ ಕತ್ತರಿಸಿ, ಈರುಳ್ಳಿ ಹಾಕಿ ಕುದಿಸಿ, ಮುರಿದ ಬಿಸ್ಕತ್ತನ್ನ ಅದರೊಳಗೆ ಸುರಿದು ಗಟ್ಟಿ ಮಾಡ್ತಿದ್ದ. ಅದರ ಹೆಸರು ಲಾಬ್‌ಸ್ಕೌಸ್. ಬಂದರು ನಗರ ಲಿವರ್‌ಪೂಲಿನ ಬಡವರು ಅದನ್ನೇ ತಿಂದು ಬೆಳೆದ್ರು. ಇವತ್ತಿಗೂ ಲಿವರ್‌ಪೂಲಿನವರನ್ನ 'ಸ್ಕೌಸರ್' ಅಂತಲೇ ಕರೀತಾರೆ. ಹ್ಯಾಂಬರ್ಗ್‌ನ ಹೋಟೆಲುಗಳಲ್ಲಿ ಇದರದೇ ಸೋದರ 'ಲಾಬ್‌ಸ್ಕಾವುಸ್' ಮೆನು ಕಾರ್ಡಿನಲ್ಲಿ ಇರ್ತದೆ.

ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟ್‌ನ ತಂಡದಲ್ಲಿ ಒಬ್ಬೊಬ್ಬರ ದಿನದ ಪಡಿ 16 ಔನ್ಸ್ ಬಿಸ್ಕತ್ತು, 12 ಔನ್ಸ್ ಪೆಮಿಕನ್. ಪೆಮಿಕನ್ ಅಂದ್ರೆ ಒಣಗಿಸಿ ಕುಟ್ಟಿದ ಮಾಂಸಕ್ಕೆ ಕೊಬ್ಬು ಬೆರೆಸಿದ ಉಂಡೆ. ಉತ್ತರ ಅಮೆರಿಕದ ಕ್ರೀ ಜನರ ಮಾತು ಅದು, ತಂತ್ರವೂ ಅಲ್ಲಿನ ಮೂಲ ನಿವಾಸಿಗಳದ್ದೇ. ಹಿಮ ಕರಗಿಸಿ, ಪೆಮಿಕನ್ ಹಾಕಿ, ಬಿಸ್ಕತ್ತು ಪುಡಿ ಮಾಡಿ ಹಾಕಿದ್ರೆ 'ಹೂಶ್' ಅನ್ನೋ ಗಂಜಿ. ವೀರರ ಊಟ ಅಂತ ಪುಸ್ತಕಗಳಲ್ಲಿ ಓದ್ತೀವಿ.

ಬಡವರ ಊಟ ಒಂದು ನಗರದ ಹೆಮ್ಮೆಯ ಹೆಸರಾಯ್ತು, ಇನ್ನೊಂದು ಕಡೆ ವೀರಗಾಥೆಯಾಯ್ತು. ಈ ಮಾತನ್ನ ನೆನಪಿಟ್ಕೊಂಡು ಪುಣೆಗೆ ಬನ್ನಿ.

ಪುಣೆಯಲ್ಲಿ ಬಿಸ್ಕತ್ತು ಪಾಪವಾಗಿದ್ದ ಕಾಲ

1890ರ ಅಕ್ಟೋಬರ್. ಪುಣೆಯ ಪಂಚ್ ಹೌದ್ ಮಿಶನ್‌ನಲ್ಲಿ ಊರಿನ ಗಣ್ಯರನ್ನ ಒಂದು ಕಾರ್ಯಕ್ರಮಕ್ಕೆ ಕರೆದಿದ್ರು. ಬಂದವರಲ್ಲಿ ನ್ಯಾಯಮೂರ್ತಿ ಮಹದೇವ ಗೋವಿಂದ ರಾನಡೆ ಇದ್ರು, ಬಾಲಗಂಗಾಧರ ತಿಲಕರೂ ಇದ್ರು. ಮಿಶನ್‌ನವರು ಚಹಾ ಬಿಸ್ಕತ್ತು ಕೊಟ್ರು. ಕೆಲವರು ತಗೊಂಡ್ರು, ಕೆಲವರು ಮುಟ್ಟದೆ ಇಟ್ರು. ಅಲ್ಲಿದ್ದ ಗೋಪಾಲರಾವ್ ಜೋಶಿ (ವೈದ್ಯಕೀಯ ಓದಲು ಅಮೆರಿಕಕ್ಕೆ ಹೋಗಿದ್ದ ಆನಂದಿಬಾಯಿ ಜೋಶಿಯವರ ಗಂಡ) ಬಂದವರ ಹೆಸರಿನ ಪಟ್ಟಿಯನ್ನೇ ಪತ್ರಿಕೆಯಲ್ಲಿ ಹಾಕಿಸಿಬಿಟ್ರು. ಊರು ಹೊತ್ತಿ ಉರೀತು. ಕ್ರಿಶ್ಚಿಯನ್ನರ ಕೈಯ ಚಹಾ, ಬಿಸ್ಕತ್ತು! ಬಹಿಷ್ಕಾರದ ಮಾತು ಬಂತು, ವಿಷಯ ಶಂಕರಾಚಾರ್ಯರ ಪೀಠದವರೆಗೆ ಹೋಯ್ತು. ತಿಲಕರು ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾಗಿ ಹೇಳಿದ್ರು. ರಾನಡೆಯವರೂ ಕೊನೆಗೆ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡ್ರು. ಹೈಕೋರ್ಟಿನ ನ್ಯಾಯಮೂರ್ತಿಯಾಗುವ ಮಟ್ಟದ ಮನುಷ್ಯ ಒಂದು ಕಪ್ ಚಹಾದ ಗಲಾಟೆಗೆ ತಲೆಬಾಗಬೇಕಾಯ್ತು.

ಅಂಥಾ ಬಿಸ್ಕತ್ತು ಎಷ್ಟು ಬೇಗ ಶುದ್ಧವಾಯ್ತು ನೋಡಿ. 1892ರಲ್ಲಿ ಕಲ್ಕತ್ತಾದಲ್ಲಿ ಈಗಿನ ಬ್ರಿಟಾನಿಯಾದ ಬೇರು ಬಿತ್ತು. 1898ರಲ್ಲಿ ದೆಹಲಿಯಲ್ಲಿ 'ಹಿಂದೂ ಬಿಸ್ಕೆಟ್ ಕಂಪನಿ' ಅಂತಲೇ ಒಂದು ಶುರುವಾಯ್ತು. ನಮ್ಮ ಬಿಸ್ಕತ್ತು ಮುಟ್ಟಬಹುದಾದವರ ಕೈಯಲ್ಲೇ ಆಗ್ತದೆ ಅನ್ನೋದೇ ಅದರ ಮಾರ್ಕೆಟಿಂಗ್. 1929ರಲ್ಲಿ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಪಾರ್ಲೆ ಬಂತು. ಇವತ್ತು ಉಪವಾಸದ ಅಜ್ಜಿಯಿಂದ ಆಸ್ಪತ್ರೆಯ ರೋಗಿಯವರೆಗೆ ಎಲ್ಲರ ಕೈಯಲ್ಲೂ ಬಿಸ್ಕತ್ತು. 2020ರ ಲಾಕ್‌ಡೌನ್‌ನಲ್ಲಿ ಹೆದ್ದಾರಿಯಲ್ಲಿ ನಡೆದು ಹೋಗ್ತಿದ್ದ ಕಾರ್ಮಿಕರ ಕೈಗೆ ಜನ ಕೊಟ್ಟಿದ್ದು ಪಾರ್ಲೆ-ಜಿ. ಯಾವ ಕೈ ಮಾಡಿದ್ದು ಅಂತ ಯಾರೂ ಕೇಳಲಿಲ್ಲ. ಪೊಟ್ಟಣ, ಬ್ರ್ಯಾಂಡು, ಯಂತ್ರ, ಇವು ಮಾಡಿದ ಕೈಯನ್ನ ಮರೆಸಿಬಿಟ್ಟಿದ್ವು.

ಒಣಮಾಂಸಕ್ಕೆ ಆ ಭಾಗ್ಯ ಬರಲಿಲ್ಲ. ಅದಕ್ಕೆ ಕಾರಣ ಹುಡುಕಲಿಕ್ಕೆ ಪುಣೆ ಪೇಟೆ ಬಿಟ್ಟು ಜಿಲ್ಲೆಯ ಹಳ್ಳಿಗಳಿಗೆ ಇಳೀಬೇಕು.

ಬಾರಾಮತಿಯ ಎರಡು ದಂಡೆ

ಬಾರಾಮತಿ ಅಂದ್ರೆ ಈಗ ನಿಮಗೆ ರಾಜಕಾರಣ ನೆನಪಾಗ್ತದೆ, ಕಬ್ಬು, ಹಾಲು, ದ್ರಾಕ್ಷಿ ನೆನಪಾಗ್ತದೆ. ಎಂಐಡಿಸಿಯಲ್ಲಿ ಪಿಯಾಜಿಯೋದ ಆಟೋ ಆಗ್ತವೆ, ಫೆರೆರೋದ ಚಾಕೊಲೇಟ್ ಆಗ್ತದೆ. ಆದ್ರೆ ಇದು ಮಳೆನೆರಳಿನ ಸೀಮೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ನಮ್ಮ ವಿಜಯಪುರದ ಹಾಗೇ. 1876-78ರ ಭೀಕರ ಬರದ ಬೆನ್ನಿಗೆ ನೀರಾ ಎಡದಂಡೆ ಕಾಲುವೆ ಬಂತು. ಕಾಲುವೆಯ ನೀರು ಮುಟ್ಟಿದ ಕಡೆ ಬಾಗಾಯತ್, ಮುಟ್ಟದ ಕಡೆ ಜಿರಾಯತ್. ಒಂದೇ ತಾಲೂಕಿನಲ್ಲಿ ಎರಡು ದೇಶ.

ಬರ ಬಂದಾಗ ಮೊದಲು ಸಾಯೋದು ದನ. ಸತ್ತ ದನವನ್ನ ಊರಿಂದ ಎಳೆದು ಹಾಕೋರು ಯಾರು? ಬಲುತೆ ಪದ್ಧತಿಯಲ್ಲಿ ಅದು ಮಹಾರರ 'ಕೆಲಸ'. ಕೆಲಸಕ್ಕೆ ಪ್ರತಿಫಲವಾಗಿ ಸುಗ್ಗಿಯಲ್ಲಿ ಒಂದು ಪಾಲು ಧಾನ್ಯ, ಸತ್ತ ದನದ ಮೇಲಿನ ಹಕ್ಕು, ಮತ್ತೆ ಮನೆಮನೆ ಬಾಗಿಲಲ್ಲಿ ನಿಂತು ಕೂಗಿದ್ರೆ ಉಳಿದ ಭಾಕರಿಯ ತುಂಡು. ಮಹಾರರಿಗೆ ಇಂಥಾ 52 ಹಕ್ಕುಗಳಿದ್ದವು ಅಂತ ಐತಿಹ್ಯ. ಕೊಟ್ಟವನು ಯಾರು ಅಂತೀರಿ? ನಮ್ಮ ಬೀದರಿನ ಬಾದಶಹ. ಅಮೃತನಾಕ್ ಅನ್ನೋ ಮಹಾರ ವೀರ ಬಾದಶಹನ ಬೇಗಂಳನ್ನ ಕಾಪಾಡಿ ತಂದನಂತೆ, ತನಗಾಗಿ ಏನೂ ಕೇಳದೆ ತನ್ನ ಜನಕ್ಕೆ 52 ಹಕ್ಕು ಕೇಳಿದನಂತೆ. ಕಥೆ ಚೆಂದ. ಆದ್ರೆ ವೀರತನಕ್ಕೆ ಸಿಕ್ಕ ಬಹುಮಾನದ ಪಟ್ಟಿಯಲ್ಲಿ ಸತ್ತ ದನದ ಚರ್ಮವೂ ಒಂದು ಅನ್ನೋದನ್ನ ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ತದೆ.

ಒಂದು ದನದ ಮಾಂಸ ಒಂದೇ ದಿನಕ್ಕೆ ತಿಂದು ಮುಗಿಯಲ್ಲ. ಫ್ರಿಜ್ ಇಲ್ಲ. ಅದಕ್ಕೇ ಉದ್ದುದ್ದ ಪಟ್ಟಿ ಕೊಯ್ದು ಹಗ್ಗದ ಮೇಲೆ ಒಣಗಿಸ್ತಿದ್ರು. ಮರಾಠಿಯಲ್ಲಿ ಅದಕ್ಕೆ ಚಾನ್ಯಾ ಅಂತಾರೆ. ಕೆಂಡದ ಮೇಲೆ ಸುಟ್ಟು ತಿನ್ನಬಹುದು, ಬೇಳೆಗೆ ಹಾಕಬಹುದು, ಕುಟ್ಟಿ ಖಾರ ಹಾಕಿ ಕುದಿಸಬಹುದು. ಹಬ್ಬ, ಮದುವೆಯ ಮರುದಿನ ಹೆಚ್ಚಾಗಿ ಸಿಕ್ಕ ಭಾಕರಿಯನ್ನೂ ಬಿಸಿಲಿಗೆ ಒಣಗಿಸಿ ಇಡ್ತಿದ್ರು. ಮಳೆಗಾಲದಲ್ಲಿ, ಕೆಲಸ ಇಲ್ಲದ ದಿನಗಳಲ್ಲಿ, ಆ ಒಣ ಚೂರನ್ನ ಒಣಮಾಂಸದ ಸಾರಿಗೆ ಮುರಿದು ಹಾಕಿದ್ರೆ ಒಂದು ಹೊತ್ತು ಕಳೀತು. ಗಮನಿಸಿದ್ರಾ? ಒಣಮಾಂಸ, ಎರಡು ಸಲ ಒಣಗಿದ ರೊಟ್ಟಿ, ನೀರು, ಖಾರ. ಲಾಬ್‌ಸ್ಕೌಸ್, ಹೂಶ್, ಈ ಗಡಿಗೆ, ಮೂರೂ ಒಂದೇ ಅಡುಗೆ.

ಲಿವರ್‌ಪೂಲಿನವನು ತನ್ನನ್ನ ಸ್ಕೌಸರ್ ಅಂತ ಕರ್ಕೊಳ್ತಾನೆ. ಇಲ್ಲಿ ಆ ಅಡುಗೆಯ ಹೆಸರು ಬೈಗುಳವಾಯ್ತು. ವ್ಯತ್ಯಾಸ ಎಲ್ಲಿದೆ?

ಕನ್ನಡದ ಎರಡು ಮಾತು

ಉತ್ತರ ನಮ್ಮ ಭಾಷೆಯಲ್ಲೇ ಇದೆ. ಉಳಿದ ಅನ್ನಕ್ಕೆ ಕನ್ನಡದಲ್ಲಿ ಎರಡು ಪದ. ನನ್ನ ಮನೆಯಲ್ಲಿ ನಾನು ಮಾಡಿ, ನಾನೇ ನಾಳೆಗೆ ಅಂತ ಉಳಿಸಿದ್ದು ತಂಗಳು. ಇನ್ನೊಬ್ಬ ತಿಂದು ಬಿಟ್ಟಿದ್ದು ಎಂಜಲು. ಮರಾಠಿಯಲ್ಲೂ ಹೀಗೇ: ಶಿಳೆ ಬೇರೆ, ಉಷ್ಟೆ ಬೇರೆ. ತಂಗಳು ಮಿತವ್ಯಯ, ಎಂಜಲು ಅವಮಾನ. ತಂಗಳ ರೊಟ್ಟಿಗೆ ಮೊಸರು ಹಾಕ್ಕೊಂಡು ತಿಂದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಎಂಜಲು ತಿಂದೆ ಅಂತ ಹೇಳೋಕೆ ಎದೆಗಾರಿಕೆ ಬೇಕು. ಓಂಪ್ರಕಾಶ್ ವಾಲ್ಮೀಕಿ 1997ರಲ್ಲಿ ತಮ್ಮ ಹಿಂದಿ ಆತ್ಮಕಥೆಗೆ 'ಜೂಠನ್' ಅಂತ ಹೆಸರಿಟ್ಟಿದ್ದು ಆ ಎದೆಗಾರಿಕೆಯಿಂದ.

ಹಡಗಿನ ನಾವಿಕನ ಬಿಸ್ಕತ್ತು ಅವನ ದುಡಿಮೆಯ ಪಡಿ, ಲೆಕ್ಕದಲ್ಲಿ ಬರೆದಿಟ್ಟದ್ದು. ಎಷ್ಟೇ ಕೆಟ್ಟದಿದ್ರೂ ಅವನು ಉಳಿಸಿದ್ದು ತಂಗಳು. ಮಹಾರನ ಭಾಕರಿ ದುಡಿಮೆಗೇ ಸಿಕ್ಕಿದ್ದಾದ್ರೂ ಭಿಕ್ಷೆಯ ರೂಪದಲ್ಲಿ, ಇನ್ನೊಬ್ಬರ ಎಂಜಲಾಗಿ ಸಿಕ್ತಿತ್ತು. ಅಡುಗೆ ಒಂದೇ, ಗಡಿಗೆ ಒಂದೇ, ಆದ್ರೆ ಒಳಗೆ ಬೀಳುವ ಪದಾರ್ಥದ ಮೇಲೆ ಊರು ತನ್ನ ಗುರುತು ಒತ್ತಿ ಕಳಿಸ್ತಿತ್ತು.

1927ರ ಮಾರ್ಚ್ 19-20ರಂದು ಮಹಾಡ್‌ನಲ್ಲಿ ಸೇರಿದ ಪರಿಷತ್ತು ಅಂದ್ರೆ ನಮಗೆ ಚವದಾರ್ ಕೆರೆಯ ನೀರು ನೆನಪಾಗ್ತದೆ. ಅದೇ ಸಭೆಯಲ್ಲಿ ಅಂಬೇಡ್ಕರ್ ಇನ್ನೊಂದು ಮಾತನ್ನೂ ಹೇಳಿದ್ರು: ಸತ್ತ ದನದ ಮಾಂಸ ಬಿಡಿ, ಬಾಗಿಲಿಗೆ ಹೋಗಿ ಎಂಜಲು ಬೇಡೋದನ್ನ ಬಿಡಿ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ ವತನದ ವಿರುದ್ಧ ಮಸೂದೆ ತಂದ್ರು. ಊರಿನ ಜೀತಕ್ಕೆ ಕಟ್ಟಿಹಾಕುವ ಆ 'ಹಕ್ಕು' ಕಾಯಿದೆಯಲ್ಲಿ ಹೋಗಲಿಕ್ಕೆ 1958 ಬರಬೇಕಾಯ್ತು. ಆದ್ರೆ ಹಳ್ಳಿಗಳಲ್ಲಿ ಜನ ಕಾಯಿದೆಗೆ ಕಾಯಲಿಲ್ಲ. ದನ ಎಳೆಯೋದು ನಿಲ್ಲಿಸಿದ್ರು. ಊರಿನವರು ಬಹಿಷ್ಕಾರ ಹಾಕಿದ್ರು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಹೊಲದ ಕೆಲಸ ಕೊಡಲಿಲ್ಲ. ಹಸಿವಿನ ಹೊತ್ತಿನಲ್ಲಿ ಸಿಗುವ ಊಟವನ್ನ ಬೇಡ ಅನ್ನೋದು ಸಣ್ಣ ನಿರ್ಧಾರ ಅಲ್ಲ. ವೀಕೆಂಡ್‌ಗೆ ಡಯಟ್ ಬದಲಿಸುವ ನಮಗೆ ಅದರ ಬೆಲೆ ಊಹಿಸೋದೂ ಕಷ್ಟ.

ಹೀಗೆ ಎಂಜಲನ್ನ ಬಿಡುವಾಗ ಜೊತೆಗೆ ತಂಗಳೂ ಹೋಯ್ತು. ಮಾಂಸ ಒಣಗಿಸುವ ವಿದ್ಯೆ, ಒಂದು ಚೂರನ್ನೂ ವ್ಯರ್ಥ ಮಾಡದ ಕೈಚಳಕ, ಮೂರು ಚಮಚ ಎಣ್ಣೆಯಿಲ್ಲದೆ ರುಚಿ ಬರಿಸುವ ಜಾಣ್ಮೆ, ಇದೆಲ್ಲಾ ಹೆಂಗಸರ ಕೈಯಲ್ಲಿ ಇದ್ದದ್ದು. ಅವಮಾನದ ಜೊತೆ ಅದೂ ಕಟ್ಟಿಕೊಂಡಿತ್ತು, ಅದೂ ಮೌನವಾಯ್ತು. ತಪ್ಪು ಬಿಟ್ಟವರದ್ದಲ್ಲ. ಎರಡನ್ನೂ ಒಂದೇ ಗಂಟಾಗಿ ಕಟ್ಟಿದ ಊರಿನದ್ದು.

ಆ ಗಂಟನ್ನ ಬಿಚ್ಚುವ ಕೆಲಸ ಈಚೆಗೆ ನಡೀತಿದೆ. 2009ರಲ್ಲಿ ಪುಣೆ ವಿಶ್ವವಿದ್ಯಾಲಯದ ಸಾವಿತ್ರಿಬಾಯಿ ಫುಲೆ ಮಹಿಳಾ ಅಧ್ಯಯನ ಕೇಂದ್ರದಲ್ಲಿ ಶರ್ಮಿಳಾ ರೇಗೆ ಮತ್ತು ವಿದ್ಯಾರ್ಥಿಗಳು ದಲಿತ ಕುಟುಂಬಗಳ ಊಟದ ನೆನಪುಗಳನ್ನ ಸಂಗ್ರಹಿಸಿದ್ರು. 'ಈ ತಟ್ಟೆ ಭಾರತದ್ದಲ್ಲವೇ' ಅನ್ನೋ ಅರ್ಥದ ಇಂಗ್ಲಿಷ್ ಹೆಸರು ಅದಕ್ಕೆ. 2015ರಲ್ಲಿ ಶಾಹು ಪಾಟೋಳೆ ಮರಾಠಿಯಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದ್ರು. ಅನ್ನ ಪೂರ್ಣಬ್ರಹ್ಮ ಅನ್ನೋರಿಗೆ ಒಂದೇ ಒಂದು ಅಕ್ಷರದಲ್ಲಿ ಉತ್ತರ. ಮರಾಠವಾಡದ ಮಹಾರ, ಮಾಂಗ ಮನೆಗಳ ಅಡುಗೆಯನ್ನ ಅವರು ಪಾಕವಿಧಾನದ ಸಮೇತ ದಾಖಲಿಸಿದ್ದಾರೆ. 2024ರಲ್ಲಿ ಇಂಗ್ಲಿಷಿಗೂ ಬಂತು.

ವಿಚಿತ್ರ ನೋಡಿ, ಆ ಪುಸ್ತಕ ಬಂದ ವರ್ಷವೇ, 2015ರ ಮಾರ್ಚ್‌ನಲ್ಲಿ, ಮಹಾರಾಷ್ಟ್ರದಲ್ಲಿ ಹಸುವಿನ ಜೊತೆ ಹೋರಿ, ಎತ್ತಿನ ವಧೆಗೂ ನಿಷೇಧ ಬಂತು. ಹೊರರಾಜ್ಯದಿಂದ ತಂದ ಮಾಂಸ ಇಟ್ಟುಕೊಳ್ಳೋದು ಅಪರಾಧ ಅನ್ನೋ ಭಾಗವನ್ನ 2016ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟ್ ತೆಗೆದುಹಾಕಿತು. ಕರ್ನಾಟಕದಲ್ಲಿ 2021ರಿಂದ ಇನ್ನೂ ಬಿಗಿ ಕಾನೂನು. ಕಾನೂನಿನ ಪರ-ವಿರೋಧ ಇವತ್ತಿನ ಮಾತಲ್ಲ. ದಾಖಲಾದ ಪಾಕವಿಧಾನದ ಮುಖ್ಯ ಪದಾರ್ಥ ದಾಖಲಾದ ವರ್ಷವೇ ಅಡುಗೆಮನೆಯಿಂದ ಹೋಯ್ತು ಅನ್ನೋದನ್ನ ಮಾತ್ರ ಇತಿಹಾಸ ಬರೆಯುವವನು ಗಮನಿಸಬೇಕು.

ಈಗ ಗಡಿಗೆ

ಬಾರಾಮತಿಯಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಜಿರಾಯತ್ ಕಡೆಯ ಹಳ್ಳಿಯವನು. ಅವನಮ್ಮ ಈಗ ಆಡಿನ ಮಾಂಸವನ್ನ ಒಣಗಿಸಿ ಕಳಿಸ್ತಾರೆ. ನಾನು ಬಾಗಲಕೋಟೆ ಕಡೆಯಿಂದ ತಂದ ಕಟಕ ರೊಟ್ಟಿ, ಅವನ ಡಬ್ಬಿಯ ತಳದ ಒಣಮಾಂಸ, ಎರಡೂ ಸೇರಿದ ರಾತ್ರಿಗಳಿದ್ವು. ಅವನು ಮಾಡುವ ಕ್ರಮ ಹೀಗೆ. ಒಣ ತವಾದ ಮೇಲೆ ಎರಡು ಮೂರು ನಿಮಿಷ ಹುರಿಯೋದು, ವಾಸನೆ ಏಳೋತನಕ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಉಪ್ಪು ಹೋಗುವ ಹಾಗೆ ಒಮ್ಮೆ ತೊಳೆಯೋದು. ಈರುಳ್ಳಿ, ಬೆಳ್ಳುಳ್ಳಿ, ಕಾಂದಾ-ಲಸೂಣ ಮಸಾಲೆ, ಒಂದು ಹಿಡಿ ತೊಗರಿಬೇಳೆ ಹಾಕಿ ಕುಕ್ಕರ್‌ನಲ್ಲಿ ನಾಲ್ಕೈದು ಸೀಟಿ. ಉಪ್ಪು ಕೊನೆಗೆ, ರುಚಿ ನೋಡಿದ ಮೇಲೆ ಮಾತ್ರ. ಇಳಿಸಿ, ಎರಡು ಕಟಕ ರೊಟ್ಟಿ ಕೈಯಲ್ಲಿ ಮುರಿದು ಹಾಕಿ ಐದು ನಿಮಿಷ ಮುಚ್ಚಿಡೋದು. ರೊಟ್ಟಿ ಇಲ್ಲದಿದ್ರೆ ಉಪ್ಪಿನ ಬಿಸ್ಕತ್ತು ನಡೀತದೆ, ಆದ್ರೆ ಸಿಹಿ ಬಿಸ್ಕತ್ತು ಕೆಡಿಸ್ತದೆ. ಮಳೆಗಾಲದಲ್ಲಿ ಒಣಮಾಂಸಕ್ಕೆ ಬೂಸು ಬಂದಿದ್ರೆ ಉಳಿಸೋಕೆ ಹೋಗಬೇಡಿ, ಎಸೀರಿ.

ಊಟ ಚೆನ್ನಾಗಿತ್ತು. ಫೋಟೋ ತೆಗೆಯೋಕೆ ಫೋನ್ ಎತ್ತಿದೆ. ಅವನು ಮೆತ್ತಗೆ ಹೇಳಿದ: "ತೆಗಿ, ಆದ್ರೆ ಆಫೀಸ್ ಗ್ರೂಪ್‌ಗೆ ಹಾಕಬೇಡ. ಆಡಿನ ಮಾಂಸ ಅಂತ ಎಷ್ಟು ಜನಕ್ಕೆ ವಿವರಿಸ್ಕೊಂಡು ಕೂರೋದು?" ಇಬ್ಬರೂ ಒಂದೇ ಲ್ಯಾಪ್‌ಟಾಪ್, ಒಂದೇ ಸಂಬಳದ ಶ್ರೇಣಿ. ಅದೇ ಗ್ರೂಪಿನಲ್ಲಿ ಹಿಂದಿನ ವಾರ ಯಾರೋ ಅಮೆರಿಕದಿಂದ ತಂದ ಬೀಫ್ ಜರ್ಕಿಯ ಪೊಟ್ಟಣದ ಫೋಟೋಕ್ಕೆ ಹದಿನೈದು ಲೈಕ್ ಬಂದಿತ್ತು. ಜರ್ಕಿ ಅನ್ನೋದು ದಕ್ಷಿಣ ಅಮೆರಿಕದ ಕೆಚುವಾ ಜನರ 'ಚಾರ್ಕಿ' ಪದದಿಂದ ಬಂದದ್ದು. ಅದೂ ಬಿಸಿಲಲ್ಲಿ ಒಣಗಿದ ಮಾಂಸದ ಪಟ್ಟಿಯೇ. ಪೊಟ್ಟಣ ಬಂದರೆ ಪ್ರೋಟೀನ್, ಅಮ್ಮನ ಡಬ್ಬಿಯಲ್ಲಿ ಬಂದರೆ ವಿವರಣೆ ಕೊಡಬೇಕು. 1890ರ ಬಿಸ್ಕತ್ತಿನ ಕಥೆ ಮುಗೀತು ಅಂದ್ಕೊಂಡಿದ್ರೆ, ಅದು ತಟ್ಟೆ ಬದಲಿಸಿದೆ ಅಷ್ಟೇ.

ಫೋಟೋ ನಾನು ಎಲ್ಲೂ ಹಾಕಿಲ್ಲ. ಈ ಮಾತನ್ನ ಹೇಳ್ತೀನಿ ಅಂತ ಕೇಳಿದಾಗ ಅವನು ಒಂದೇ ಷರತ್ತು ಹಾಕಿದ: ಊರಿನ ಹೆಸರು, ತನ್ನ ಹೆಸರು ಬೇಡ, ಆದ್ರೆ ಬೇಳೆ ಹಾಕೋದನ್ನ ಮರೀಬೇಡ, ಅದು ಅವನಜ್ಜಿಯ ಲೆಕ್ಕ. ಮಾಂಸ ಕಡಿಮೆ ಇದ್ದಾಗ ತಟ್ಟೆ ತುಂಬಿಸೋಕೆ.

ನೀವೂ ಯಾವುದೋ ಊರು ಬಿಟ್ಟು ಯಾವುದೋ ಊರಲ್ಲಿ ಇದ್ದೀರಿ. ಊರಿಗೆ ಫೋನ್ ಮಾಡಿದಾಗ ಈ ವಾರ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ಬರ ಬಿದ್ದ ವರ್ಷ ಮನೆಯಲ್ಲಿ ಏನು ಒಣಗಿಸಿ ಇಡ್ತಿದ್ರು, ಅದನ್ನ ಹೇಗೆ ಮುಗಿಸ್ತಿದ್ರು? ಅಜ್ಜಿ ಮೊದಲು ಮಾತು ಮರೆಸಬಹುದು. ಒತ್ತಾಯ ಮಾಡಬೇಡಿ. ಹೇಳಿದ್ರೆ ಅಳತೆ ಸಮೇತ ಬರ್ಕೊಳ್ಳಿ, ಹೇಳಬೇಡ ಅಂದದ್ದನ್ನ ಯಾರಿಗೂ ಹೇಳಬೇಡಿ.